ಚೆಕ್ ದೇಶದ ಶ್ಕೋಲ್ಕಾಗೆ (ಶಿಶುವಿಹಾರಕ್ಕೆ) ಮಕ್ಕಳನ್ನ ಸೇರಿಸೋರಿಗೆ: ಒಂದು ಪ್ರಶ್ನೋತ್ತರ

ಪ್ರಶ್ನೆ: ನಮಸ್ತೆ ಅಕ್ಕ. ನಮ್ಮನೆಯವರಿಗೆ ಚೆಕ್ ದೇಶದ ಬ್ರನೋ ಊರಲ್ಲಿ ಕೆಲಸ ಸಿಕ್ಕಿದೆ, ಜೂನ್‌ನಲ್ಲಿ ಮೈಸೂರಿಂದ ಹೊರಡ್ತೀವಿ. ಮಗಳಿಗೆ ಜುಲೈಗೆ 5 ತುಂಬುತ್ತೆ, ಮಗನಿಗೆ 3. ನೀವು ಅಲ್ಲೇ ಟೀಚರ್ ಆಗಿರೋದ್ರಿಂದ ಕೇಳ್ತಿದ್ದೀನಿ. ಒಂದು ವರ್ಷ ಇಬ್ಬರನ್ನೂ ಮನೇಲೇ ಇಟ್ಕೊಂಡು, ಚೆಕ್ ಭಾಷೆ ಸ್ವಲ್ಪ ಬಂದ ಮೇಲೆ ಸೇರಿಸಿದ್ರೆ ಆಗುತ್ತಾ? ಮಗಳು ಎಬಿಸಿಡಿ, 100ರ ತನಕ ಎಣಿಕೆ ಎಲ್ಲಾ ಹೇಳ್ತಾಳೆ.

ಉತ್ತರ: ಮಗಳ ವಿಷಯದಲ್ಲಿ ಅದು ಸುಲಭ ಅಲ್ಲಮ್ಮ. ಆಗಸ್ಟ್ 31ರೊಳಗೆ 5 ತುಂಬಿದ ಮಗು ಸೆಪ್ಟೆಂಬರ್‌ನಿಂದ ಶ್ಕೋಲ್ಕಾಗೆ (ಇಲ್ಲಿ ಶಿಶುವಿಹಾರಕ್ಕೆ ಎಲ್ಲರೂ ಹಾಗೇ ಅನ್ನೋದು) ಸಾಮಾನ್ಯವಾಗಿ ಹೋಗಬೇಕು. 2017ರಿಂದ ಇದು ಕಡ್ಡಾಯ, 90 ದಿನಕ್ಕಿಂತ ಹೆಚ್ಚು ಇರೋಕೆ ಬಂದ ವಿದೇಶಿ ಮಕ್ಕಳಿಗೂ. ದಿನಕ್ಕೆ 4 ಗಂಟೆ. ಸರ್ಕಾರಿ ಶ್ಕೋಲ್ಕಾ ಆದ್ರೆ ಆ ವರ್ಷ ಫೀಸಿಲ್ಲ, ಊಟದ ದುಡ್ಡು ಮಾತ್ರ. ನೀವು ಬರೋ ಹೊತ್ತಿಗೆ ದಾಖಲಾತಿ ಮುಗಿದಿರುತ್ತೆ. ಬಾಡಿಗೆ ಮನೆ ಸಿಕ್ಕಿದ ತಕ್ಷಣ ಆ ವಿಳಾಸಕ್ಕೆ ಸೇರಿದ ಶ್ಕೋಲ್ಕಾಗೆ ಹೋಗಿ ಮುಖ್ಯಸ್ಥರನ್ನ ಕಾಣಿ. ತಡ ಮಾಡಬೇಡಿ, ಬೇಸಿಗೆ ರಜೆಯಲ್ಲಿ ಎಷ್ಟೋ ಕಡೆ ವಾರಗಟ್ಟಲೆ ಬಾಗಿಲು ಹಾಕಿರ್ತಾರೆ.

ಮಗನಿಗೆ ಕಡ್ಡಾಯ ಇಲ್ಲ, ಆದರೆ ಸೇರಿಸಬೇಕು ಅಂದ್ರೆ ಲಸಿಕೆ ಪೂರ್ತಿ ಆಗಿರಬೇಕು. ಇಲ್ಲೇ ನಮ್ಮವರು ಸಿಕ್ಕಿಹಾಕಿಕೊಳ್ಳೋದು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ದಡಾರ, ರುಬೆಲ್ಲಾಗೆ ಕೊಡೋ ಸೂಜಿಯಲ್ಲಿ ಮಂಗನಬಾವು ಸೇರಿರಲ್ಲ, ಇಲ್ಲಿ ಅದನ್ನೂ ಕೇಳ್ತಾರೆ. ಕಾರ್ಡ್ ತೆಗೆದು ನೋಡಿ, ಮೈಸೂರಲ್ಲೇ ಮಕ್ಕಳ ಡಾಕ್ಟರ್ ಹತ್ರ ಕೇಳಿ.

ಎಬಿಸಿಡಿ ಬಗ್ಗೆ: ಅದನ್ನ ಇಲ್ಲಿ ಯಾರೂ ಕೇಳಲ್ಲ! ಓದು ಬರಹ ಒಂದನೇ ಕ್ಲಾಸಿಗೆ ಬಿಟ್ಟಿದ್ದು. ತಾನೇ ಜಿಪ್ ಹಾಕ್ಕೊಳ್ತಾಳಾ, ಬೂಟು ಬಿಚ್ಚಿ ಬಚ್ಕೋರಿ (ಒಳಗೆ ಹಾಕೋ ಮೆತ್ತನೆ ಚಪ್ಪಲಿ) ಮೆಟ್ಕೊಳ್ತಾಳಾ, ಚಮಚದಲ್ಲಿ ಸೂಪ್ ಕುಡೀತಾಳಾ, ಅದನ್ನ ನೋಡ್ತೀವಿ. ಚಳಿ ಇದ್ರೂ ದಿನಾ ಹೊರಗೆ ಕರ್ಕೊಂಡು ಹೋಗ್ತೀವಿ. ಇಪ್ಪತ್ತು ಮಕ್ಕಳು ಒಟ್ಟಿಗೆ ಹೊರಡೋವಾಗ ಜಾಕೆಟ್, ಟೋಪಿ, ಗ್ಲೌಸ್ ನಾವೇ ಹಾಕ್ತಾ ಕೂತ್ರೆ ಮಧ್ಯಾಹ್ನ ಆಗಿಹೋಗುತ್ತೆ. ಅಜ್ಜಿ ಕೈಲಿ ತುತ್ತು ತಿಂದು ಬೆಳೆದ ಮಗುವಿಗೆ ಭಾಷೆಗಿಂತ ಇದೇ ಕಷ್ಟ, ನನ್ನ ಮಗನೂ ಹಾಗೇ ಇದ್ದ. ಮಣ್ಣಾದ್ರೂ ಬೇಜಾರಿಲ್ಲ ಅನ್ನೋ ಹಳೇ ಬಟ್ಟೆ ಕೊಡಿ, ಎಲ್ಲದರ ಮೇಲೂ ಹೆಸರು ಬರೀರಿ.

ಭಾಷೆಗೆ ಎರಡು ಮಾತು ಸಾಕು. ಟೀಚರ್‌ನ ಕರೆಯೋಕೆ ‘ಪನೀ ಉಚಿತೆಲ್ಕೋ’, ಒಂದಕ್ಕೆ ಹೋಗಬೇಕಾದ್ರೆ ‘ಚೂರತ್’. ಎರಡನೇದು ಮೊದಲು ಕಲಿಸಿ.

ಪ್ರಶ್ನೆ: ಅಯ್ಯೋ, ಬಟ್ಟೆ ಹಾಕೋದು ಇನ್ನೂ ನಾನೇ ಅಕ್ಕ! ಊಟಕ್ಕೆ ಏನು ಮಾಡೋದು? ನಾವು ಮೊಟ್ಟೆನೂ ತಿನ್ನಲ್ಲ. ಮತ್ತೆ ನವೆಂಬರ್‌ನಲ್ಲಿ ತಮ್ಮನ ಮದುವೆ, ಒಂದು ತಿಂಗಳು ಊರಿಗೆ ಬರ್ಬೇಕು.

ಉತ್ತರ: ಸಸ್ಯಾಹಾರ ಕೊಡಲೇಬೇಕು ಅಂತ ಇಲ್ಲಿ ನಿಯಮ ಇಲ್ಲ. ತರಕಾರಿ ಸೂಪ್ ಅಂದ್ರೂ ಮಾಂಸ ಬೇಯಿಸಿದ ನೀರಿರಬಹುದು, ಕೇಳಿಕೊಳ್ಳಿ. ಕೆಲವು ಕಡೆ ಡಬ್ಬಿ ತರೋಕೆ ಒಪ್ತಾರೆ, ಕೆಲವು ಕಡೆ ಇಲ್ಲ. ಸೇರಿಸೋಕೆ ಮೊದಲೇ ಮುಖ್ಯಸ್ಥರ ಜೊತೆ ಮಾತಾಡಿ, ಆಮೇಲೆ ಜಗಳ ಬೇಡ. ಹಾಲಲ್ಲಿ ಬೇಯಿಸಿದ ರವೆ ಗಂಜಿಗೆ ಕೋಕೋ ಪುಡಿ ಉದುರಿಸಿ ಕೊಡೋ ದಿನ ನಮ್ಮ ಮಕ್ಕಳು ತಟ್ಟೆ ಖಾಲಿ ಮಾಡ್ತಾರೆ.

ಮದುವೆಗೆ ಹೋಗಿಬನ್ನಿ, ಆದರೆ ಮಗಳದು ಕಡ್ಡಾಯ ವರ್ಷ. ಟಿಕೆಟ್ ಮಾಡಿಸೋಕೆ ಮೊದಲೇ ಬರೆದು ತಿಳಿಸಿ. ಹೇಳದೆ ತಿಂಗಳು ಕಾಣೆಯಾದ್ರೆ ಕಾರಣ ಕೇಳಿ ಕಾಗದ ಬರುತ್ತೆ.