1/48 ಸಾಪ್‌ವಿತ್ ಕ್ಯಾಮೆಲ್: ಮೇಲಿನ ರೆಕ್ಕೆ ಕೂರುತ್ತಿಲ್ಲ, ತಂತಿ ಜೋಲುತ್ತಿದೆ

ಪ್ರಶ್ನೆ: ಮೊದಲ ಮಹಾಯುದ್ಧದ ಜೋಡಿ ರೆಕ್ಕೆಯ ಬ್ರಿಟಿಷ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿ ಕಿಟ್, ಅಸಲಿನ 48ನೇ ಒಂದು ಭಾಗದಷ್ಟು. ಕೆಳಗಿನ ರೆಕ್ಕೆಗಿರುವ ಏರನ್ನೇ (ಬುಡದಿಂದ ತುದಿಯತ್ತ ಮೇಲೇರುವ ಓರೆ) ಮೇಲಿನದಕ್ಕೂ ಕೊಟ್ಟರೆ ಹೊರಗಿನ ಸ್ಟ್ರಟ್‌ಗಳು (ರೆಕ್ಕೆಗಳ ನಡುವಿನ ಆಧಾರ ಕಡ್ಡಿಗಳು) ನಾಲ್ಕೈದು ಮಿ.ಮೀ. ಗಿಡ್ಡ ಬೀಳುತ್ತಿವೆ. ಕಿಟ್ ದೋಷವೇ? ತಂತಿಯ ಬದಲು ಕಟ್ಟಿದ ನೈಲಾನ್ ದಾರವೂ ಮರುದಿನಕ್ಕೆ ಸಡಿಲ.

ಉತ್ತರ: ಕಿಟ್ ಸರಿಯಿದೆ, ಮೇಲಿನ ರೆಕ್ಕೆ ಬಗ್ಗಿಸಬೇಡಿ. 1917ರ ಈ ವಿಮಾನದಲ್ಲಿ ತಯಾರಿಕೆ ಸುಲಭವಾಗಲೆಂದು ಮೇಲಿನದನ್ನು ಚಪ್ಪಟೆಯಾಗಿಯೇ ಇಟ್ಟು, ಅದನ್ನು ಸರಿದೂಗಿಸಲು ಕೆಳಗಿನದಕ್ಕೆ 5 ಡಿಗ್ರಿ ಏರು ಕೊಟ್ಟರು. ಹಾಗಾಗಿ ತುದಿಯತ್ತ ಹೋದಂತೆ ನಡುವಿನ ಅಂತರ ಕಿರಿದಾಗಲೇಬೇಕು. ನಿಮ್ಮ ಅಳತೆಯಲ್ಲಿ ಕೆಳಗಿನ ರೆಕ್ಕೆಯ ತುದಿ ಬುಡಕ್ಕಿಂತ ಸುಮಾರು 7 ಮಿ.ಮೀ. ಮೇಲಿರಬೇಕು. ಈಗಾಗಲೇ ಬಗ್ಗಿಸಿದ್ದರೆ ಬಿಸಿ ನೀರಲ್ಲಿ (ಕುದಿಯುವ ನೀರು ಬೇಡ) ಅದ್ದಿ, ಗಾಜಿನ ಮೇಲೆ ಒತ್ತಿಟ್ಟು ಆರಲು ಬಿಡಿ.

ಕೂರಿಸುವಾಗ ಮೊದಲು ಮೈಮೇಲಿನ ನಾಲ್ಕು ಸ್ಟ್ರಟ್ ಅಂಟಿಸಿ, ಅಂಟು ಹಸಿಯಿರುವಾಗಲೇ ಮೇಲಿನ ರೆಕ್ಕೆ ಇಟ್ಟು ಪಕ್ಕದಿಂದ ನೋಡಿ: ಅದರ ಮುಂದಿನ ಅಂಚು ಕೆಳಗಿನದಕ್ಕಿಂತ 9.5 ಮಿ.ಮೀ. ಮುಂದಿರಬೇಕು. ಅಸಲಿನಲ್ಲಿ ಅದು 18 ಇಂಚು. ಇಲ್ಲಿ ತಪ್ಪಿದರೆ ಹೊರ ಸ್ಟ್ರಟ್ ಯಾವುದೂ ಗುಳಿಗೆ ಇಳಿಯುವುದಿಲ್ಲ. ಪೂರ್ತಿ ಗಟ್ಟಿಯಾದ ಮೇಲೆಯೇ ಹೊರಗಿನವು.

ಇನ್ನೊಂದು ಉತ್ತರ: ದಾರದ ವಿಷಯ. ನುಣುಪು ನೈಲಾನ್‌ಗೆ ಮೇಲ್ಮೈಯಲ್ಲಿ ಹಚ್ಚಿದ ಸೂಪರ್ ಗ್ಲೂ ಹಿಡಿಯುವುದಿಲ್ಲ, ನಿಧಾನಕ್ಕೆ ಜಾರುತ್ತದೆ. ರೆಕ್ಕೆ ಜೋಡಿಸುವ ಮೊದಲೇ 0.3 ಮಿ.ಮೀ. ಡ್ರಿಲ್‌ನಿಂದ ತಂತಿಯ ಓರೆಗೆ ತಕ್ಕಂತೆ ತೂತು ಕೊರೆದು, ದಾರದ ತುದಿಯನ್ನು ಒಳಗೇ ಅಂಟಿಸಿ. ರೆಕ್ಕೆ ತೆಳುವಿದೆ, 1 ಮಿ.ಮೀ. ಆಳ ಸಾಕು. ದಾರ 0.1 ಮಿ.ಮೀ. ದಪ್ಪದ್ದಿರಲಿ, ಅದಕ್ಕಿಂತ ದಪ್ಪವಾದರೆ ಹಗ್ಗ ಕಟ್ಟಿದಂತೆ ಕಾಣುತ್ತದೆ.

ಮರುಪ್ರಶ್ನೆ: ಒಂದು ತಂತಿ ಬಿಗಿಯಾದರೆ ಪಕ್ಕದ್ದು ಸಡಿಲವಾಗುತ್ತದಲ್ಲ?

ಉತ್ತರ: ಹೌದು, ಅವೆರಡೂ ರೆಕ್ಕೆಯನ್ನು ಎದುರುಬದುರು ಎಳೆಯುತ್ತವೆ. ಕೆಳಗಿನ ರೆಕ್ಕೆಯ ಬುಡದಿಂದ ಹೊರ ಸ್ಟ್ರಟ್‌ನ ಮೇಲ್ತುದಿಗೆ ಹೋಗುವುದು ಹಾರುವ ತಂತಿ, ಕ್ಯಾಮೆಲ್‌ನಲ್ಲಿ ಅದು ಜೋಡಿ. ಮೇಲಿನ ರೆಕ್ಕೆಯ ನಡುಭಾಗದಿಂದ ಹೊರ ಸ್ಟ್ರಟ್‌ನ ಬುಡಕ್ಕೆ ಬರುವುದು ಇಳಿಯುವ ತಂತಿ. ಎಡಗಡೆ ಒಂದು ಕಟ್ಟಿದ ಕೂಡಲೇ ಬಲಗಡೆ ಅದರ ಜೊತೆಯದನ್ನು ಕಟ್ಟಿ. ಒಂದೇ ಕಡೆ ಮುಗಿಸುತ್ತ ಹೋದರೆ ರೆಕ್ಕೆ ತಿರುಚಿಕೊಳ್ಳುತ್ತದೆ. ಇಷ್ಟಾದರೂ ಸಡಿಲ ಹೋಗದಿದ್ದರೆ ಹಿಗ್ಗುವ ಲೈಕ್ರಾ ದಾರವೇ ಒಳ್ಳೆಯದು. ಉದ್ದಕ್ಕಿಂತ ಹತ್ತನೇ ಒಂದು ಭಾಗ ಮಾತ್ರ ಎಳೆದು ಅಂಟಿಸಿ, ಹೆಚ್ಚು ಎಳೆದರೆ ಸ್ಟ್ರಟ್ ಬಾಗುತ್ತದೆ. ಬಣ್ಣ ಮತ್ತು ವಾರ್ನಿಷ್ ಮೊದಲೇ ಮುಗಿಸಿ, ತಂತಿ ಕಟ್ಟಿದ ಮೇಲೆ ಅಲ್ಲಿಗೆ ಕುಂಚ ಹೋಗುವುದಿಲ್ಲ.