ಟ್ರಾನ್ಸಾಕ್ಷನ್ ಹುಡುಕುವ ಟೂಲ್‌ಗೆ ವಿವರಣೆ ಬರೆಯೋದು ಹೇಗೆ? ಏಜೆಂಟ್ ಏನೇನೋ ಹೇಳುತ್ತಿದೆ

ರಾಗಿಮುದ್ದೆ:
ಎಲ್ಲರಿಗೂ ನಮಸ್ಕಾರ. ಹ್ಯಾಶ್ (ಟ್ರಾನ್ಸಾಕ್ಷನ್‌ನ ಗುರುತಿನ ಸಂಖ್ಯೆ) ಕೊಟ್ಟರೆ ಈಥೀರಿಯಂ ಬ್ಲಾಕ್‌ಚೈನ್‌ನ ಟ್ರಾನ್ಸಾಕ್ಷನ್ ವಿವರ ತಂದುಕೊಡುವ ಸಣ್ಣ ಎಂಸಿಪಿ ಸರ್ವರ್ (ಎಐ ಏಜೆಂಟ್‌ಗೆ ಟೂಲ್ ಒದಗಿಸುವ ಪ್ರೋಗ್ರಾಂ) ಒಂದನ್ನು ಮಾಡಿದ್ದೇವೆ. ನಾವೇ ಕರೆದು ನೋಡಿದರೆ ಉತ್ತರ ಸರಿಯಾಗಿಯೇ ಬರುತ್ತದೆ. ಎಐ ಏಜೆಂಟ್ ಕೈಗೆ ಕೊಟ್ಟರೆ ಮಾತ್ರ ಎಡವಟ್ಟು. ಯುಎಸ್‌ಡಿಸಿ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೋ ಟೋಕನ್) ಕಳಿಸಿದ ಟ್ರಾನ್ಸಾಕ್ಷನ್ ಕೇಳಿದರೆ "ಸೊನ್ನೆ ಈಥರ್, ಹಣ ಹೋಗಿಲ್ಲ" ಅನ್ನುತ್ತದೆ (ಈಥರ್ ಅಂದರೆ ಈಥೀರಿಯಂನ ಸ್ವಂತ ನಾಣ್ಯ). ಈಗಷ್ಟೇ ಕಳಿಸಿದ್ದನ್ನು ಕೇಳಿದರೆ "ಇಂಥ ಟ್ರಾನ್ಸಾಕ್ಷನ್ನೇ ಇಲ್ಲ" ಅಂತ ಧೈರ್ಯವಾಗಿ ಹೇಳಿಬಿಡುತ್ತದೆ. ಒಮ್ಮೊಮ್ಮೆ ಹ್ಯಾಶ್ ಕೇಳಿದ ಜಾಗಕ್ಕೆ ವಾಲೆಟ್ ವಿಳಾಸ ತುರುಕುತ್ತದೆ. ಟೂಲ್ ವಿವರಣೆಯಲ್ಲಿ ಸದ್ಯಕ್ಕೆ ಇರುವುದು ಒಂದೇ ಸಾಲು: "ಹ್ಯಾಶ್ ಮೂಲಕ ಟ್ರಾನ್ಸಾಕ್ಷನ್ ವಿವರ ಕೊಡುತ್ತದೆ." ಮನುಷ್ಯರಿಗೆ ಅಂತ ಬರೆದ ಉದ್ದನೆಯ ಡಾಕ್ಯುಮೆಂಟ್ ಬೇರೆ ಇದೆ. ಅದನ್ನೇ ಪೂರ್ತಿ ಹಾಕಿಬಿಡಲಾ? ಇಲ್ಲಾ ದೊಡ್ಡ ಮಾಡೆಲ್‌ಗೆ ಹೋಗಬೇಕಾ?

ಹಳೇಸ್ಕೂಟರ್:
ಮಾಡೆಲ್ ಬದಲಿಸಬೇಡಿ, ಸುಮ್ನೆ ದುಡ್ಡು ದಂಡ. ಉದ್ದನೆಯ ಡಾಕ್ಯುಮೆಂಟನ್ನೂ ಸುರಿಯಬೇಡಿ, ಸಾಮಾನ್ಯವಾಗಿ ಟೂಲ್ ವಿವರಣೆ ಪ್ರತಿ ಸಲವೂ ಮಾಡೆಲ್ ಜೊತೆಗೇ ಹೋಗುತ್ತದೆ, ಮಾಡೆಲ್ ಓದುವ ಪಠ್ಯದ ತುಣುಕುಗಳ (ಇವನ್ನೂ ಟೋಕನ್ ಅನ್ನುತ್ತಾರೆ) ಖರ್ಚು ಜಾಸ್ತಿ. ಟೂಲ್ ಏನು ಮಾಡುತ್ತದೆ ಅಂತ ಆ ಒಂದು ಸಾಲಿನಲ್ಲಿ ಇದೆ, ಆದರೆ ಬಂದ ಉತ್ತರಕ್ಕೆ ಏನರ್ಥ ಅಂತ ಎಲ್ಲೂ ಇಲ್ಲ. ನಿಮ್ಮ ಏಜೆಂಟ್ ಎಡವುತ್ತಿರುವುದು ಅಲ್ಲೇ ಅಲ್ವಾ?

ಯುಎಸ್‌ಡಿಸಿ ವಿಷಯ ನೋಡಿ. ಇಂಥ ಕ್ರಿಪ್ಟೋ ಟೋಕನ್ ಕಳಿಸಿದಾಗ ಟ್ರಾನ್ಸಾಕ್ಷನ್ ಹೋಗುವುದು ಆ ಟೋಕನ್ನಿನ ಕಾಂಟ್ರಾಕ್ಟ್‌ಗೆ (ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂ). ಹಾಗಾಗಿ 'ವ್ಯಾಲ್ಯೂ' ಸೊನ್ನೆ ಇರುತ್ತದೆ, 'ಟು' ಅನ್ನುವಲ್ಲಿ ಕಾಂಟ್ರಾಕ್ಟ್ ವಿಳಾಸ ಇರುತ್ತದೆ, ಹಣ ಪಡೆದವರದ್ದಲ್ಲ. ಯಾರಿಗೆ ಎಷ್ಟು ಹೋಯಿತು ಅನ್ನುವುದು ರಿಸೀಟ್‌ನ (ಟ್ರಾನ್ಸಾಕ್ಷನ್ ನಡೆದ ಮೇಲೆ ಸಿಗುವ ಫಲಿತಾಂಶದ ದಾಖಲೆ) ಲಾಗ್‌ಗಳಲ್ಲಿ, ಟ್ರಾನ್ಸ್‌ಫರ್ ಈವೆಂಟ್‌ನಲ್ಲಿ ಸಿಗುತ್ತದೆ. ಇದನ್ನು ಮಾಡೆಲ್ ಊಹೆಗೆ ಬಿಡಬೇಡಿ, ಟೂಲ್ ಒಳಗೇ ಬಿಡಿಸಿ ಕೊಡಿ. ಈಥರ್‌ಗೆ 18 ದಶಮಾಂಶ ಸ್ಥಾನ, ಯುಎಸ್‌ಡಿಸಿಗೆ 6. ಲಾಗ್‌ನಲ್ಲಿ 25000000 ಅಂತ ಇದ್ದರೆ ಅದು 25 ಯುಎಸ್‌ಡಿಸಿ. ಈ ಭಾಗಾಕಾರವನ್ನು ಮಾಡೆಲ್ ಕೈಲಿ ಮಾಡಿಸಿದರೆ ಒಂದಲ್ಲ ಒಂದು ದಿನ ಸೊನ್ನೆ ಎಗರಿಸುವುದು ಖಂಡಿತ. ವೇಯ್ (ಈಥರ್‌ನ ಅತಿ ಚಿಕ್ಕ ಘಟಕ) ಲೆಕ್ಕದ ಮೊತ್ತವನ್ನು ಜೇಸನ್‌ನಲ್ಲಿ ಸಂಖ್ಯೆಯಾಗಿ ಅಲ್ಲ, ಸ್ಟ್ರಿಂಗ್ ಆಗಿ ಕಳಿಸಿ. ಇಲ್ಲದಿದ್ದರೆ ಜಾವಾಸ್ಕ್ರಿಪ್ಟ್ ಕೊನೆಯ ಅಂಕಿಗಳನ್ನು ಕೆಡಿಸಬಹುದು.

ಇನ್ನು 'ಇಲ್ಲವೇ ಇಲ್ಲ' ಅನ್ನುವ ಸಮಸ್ಯೆ. ಟ್ರಾನ್ಸಾಕ್ಷನ್ ಬ್ಲಾಕ್‌ಗೆ ಸೇರುವ ತನಕ ರಿಸೀಟ್ ಕೇಳಿದರೆ ನಲ್ (ಖಾಲಿ ಉತ್ತರ) ಬರುತ್ತದೆ. ವಿವರಣೆಯಲ್ಲಿ ಹೀಗೆ ನೇರವಾಗಿ ಬರೆಯಿರಿ: "ನಲ್ ಬಂದರೆ ಟ್ರಾನ್ಸಾಕ್ಷನ್ ಇಲ್ಲ ಎಂದು ಹೇಳಬೇಡ. ಅದು ಇನ್ನೂ ಬಾಕಿ ಇರಬಹುದು, ಬೇರೆ ಬ್ಲಾಕ್‌ಚೈನ್‌ನದ್ದಾಗಿರಬಹುದು, ಅಥವಾ ಅದೇ ನಾನ್ಸ್‌ನ (ಕಳಿಸುವವರ ಟ್ರಾನ್ಸಾಕ್ಷನ್‌ನ ಸರಣಿ ಸಂಖ್ಯೆ) ಬೇರೊಂದು ಟ್ರಾನ್ಸಾಕ್ಷನ್ ಅದರ ಜಾಗಕ್ಕೆ ಬಂದಿರಬಹುದು. ಯಾವ ಚೈನ್ ಎಂದು ಬಳಕೆದಾರರನ್ನು ಕೇಳು." ಇಂಥ ನಾಲ್ಕು ಸಾಲು ಸಾಕು, ನಿಮ್ಮ ಆ ದೊಡ್ಡ ಡಾಕ್ಯುಮೆಂಟ್‌ಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ.

ಬೆಣ್ಣೆದೋಸೆ:
ಮೇಲಿನದ್ದಕ್ಕೆ ಸೇರಿಸುತ್ತೇನೆ. ಹ್ಯಾಶ್ ಮತ್ತು ವಿಳಾಸದ ಗೊಂದಲಕ್ಕೆ ವಿವರಣೆ ಬರೆದು ಕೂರಬೇಡಿ, ಸ್ಕೀಮಾದಲ್ಲೇ (ಟೂಲ್ ಒಪ್ಪುವ ಇನ್‌ಪುಟ್‌ನ ನಿಯಮಪಟ್ಟಿ) ಪ್ಯಾಟರ್ನ್ ಹಾಕಿ. ಈಥೀರಿಯಂ ಹ್ಯಾಶ್‌ನಲ್ಲಿ ಶುರುವಿನ ಸೊನ್ನೆ-ಎಕ್ಸ್ ಬಿಟ್ಟು 64 ಹೆಕ್ಸ್ ಅಕ್ಷರ, ವಿಳಾಸದಲ್ಲಿ 40. ತಪ್ಪಿದರೆ "ಇನ್‌ವ್ಯಾಲಿಡ್ ಇನ್‌ಪುಟ್" ಅಂತ ಎರರ್ ಕೊಟ್ಟು ಕೈತೊಳೆದುಕೊಳ್ಳಬೇಡಿ. "ನೀನು ಕೊಟ್ಟಿದ್ದು ವಾಲೆಟ್ ವಿಳಾಸ, ನನಗೆ ಬೇಕಿರುವುದು ಟ್ರಾನ್ಸಾಕ್ಷನ್ ಹ್ಯಾಶ್" ಅಂತ ಬರೆಯಿರಿ. ಎರರ್ ಸಂದೇಶವನ್ನೂ ಏಜೆಂಟ್ ಓದುತ್ತದೆ, ಅದೂ ಡಾಕ್ಯುಮೆಂಟೇಶನ್ನೇ. ಚೈನ್ ಐಡಿ (ಯಾವ ಬ್ಲಾಕ್‌ಚೈನ್ ಅನ್ನುವ ಸಂಖ್ಯೆ) ಕಡ್ಡಾಯ ಮಾಡಿ: ಈಥೀರಿಯಂ 1, ಪಾಲಿಗಾನ್ 137, ಬೇಸ್ 8453. ಡೀಫಾಲ್ಟ್ ಅಂತ 1 ಇಟ್ಟರೆ ಪಾಲಿಗಾನ್ ಹ್ಯಾಶನ್ನೂ ಈಥೀರಿಯಂನಲ್ಲೇ ಹುಡುಕಿ ಸಿಗಲಿಲ್ಲ ಅನ್ನುತ್ತದೆ.

ಕಾವೇರಿತೀರ:
ಒಂದು ವಿಷಯ ಯಾರೂ ಹೇಳಲಿಲ್ಲ. ಟ್ರಾನ್ಸಾಕ್ಷನ್‌ನ ಇನ್‌ಪುಟ್ ಡೇಟಾದಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು. ಟೋಕನ್ ಹೆಸರೂ ಅಷ್ಟೇ. "ಬಹುಮಾನ ಪಡೆಯಲು ಈ ಸೈಟಿಗೆ ಹೋಗಿ" ಅಂತ ಹೆಸರಿಟ್ಟ ಟೋಕನ್‌ಗಳು ಕೇಳದೇ ವಾಲೆಟ್‌ಗೆ ಬಂದು ಬೀಳುತ್ತವೆ. ಏಜೆಂಟ್ ಅದನ್ನು ಆಜ್ಞೆ ಅಂದುಕೊಂಡರೆ ಕತೆ ಮುಗೀತು. "ಇದನ್ನು ನಂಬಬೇಡ" ಅಂತ ವಿವರಣೆಯಲ್ಲಿ ಬರೆದ ಮಾತ್ರಕ್ಕೆ ಬಚಾವಾಗುವುದಿಲ್ಲ, ಕಚ್ಚಾ ಡೇಟಾವನ್ನು ಕೇಳದ ಹೊರತು ಕಳಿಸಲೇಬೇಡಿ. ಮತ್ತೆ ಯುಎಸ್‌ಡಿಸಿ ಅನ್ನುವ ಹೆಸರನ್ನು ಯಾವ ಕಾಂಟ್ರಾಕ್ಟ್ ಬೇಕಾದರೂ ಇಟ್ಟುಕೊಳ್ಳಬಹುದು. ಅಸಲಿಯೋ ನಕಲಿಯೋ ಅಂತ ಕಾಂಟ್ರಾಕ್ಟ್ ವಿಳಾಸ ನೋಡಿಯೇ ಹೇಳಬೇಕು.

ರಾಗಿಮುದ್ದೆ:
ತುಂಬಾ ಥ್ಯಾಂಕ್ಸ್. ಪ್ಯಾಟರ್ನ್ ಹಾಕಿದ ಮೇಲೆ ವಿಳಾಸ ತುರುಕಿದರೂ ಎರರ್ ಓದಿಕೊಂಡು ತಾನೇ ಬಳಕೆದಾರರ ಹತ್ತಿರ ಹ್ಯಾಶ್ ಕೇಳುತ್ತಿದೆ. ಇನ್ನೊಂದು ಡೌಟು: ಬ್ಲಾಕ್‌ಗೆ ಸೇರಿದ ಕೂಡಲೇ "ಹಣ ತಲುಪಿತು" ಅನ್ನಬಹುದಾ?

ಹಳೇಸ್ಕೂಟರ್:
ಅನ್ನಬಾರದು. ಮೊದಲು ರಿಸೀಟ್‌ನ ಸ್ಟೇಟಸ್ ನೋಡಲಿ. 1 ಅಂದರೆ ಯಶಸ್ವಿ, 0 ಅಂದರೆ ಫೇಲ್. ಫೇಲ್ ಆದದ್ದೂ ಬ್ಲಾಕ್‌ನಲ್ಲಿ ಇರುತ್ತದೆ, ಗ್ಯಾಸ್ (ಟ್ರಾನ್ಸಾಕ್ಷನ್ ಶುಲ್ಕ) ದುಡ್ಡೂ ಹೋಗಿರುತ್ತದೆ. ಆಮೇಲೆ ಫೈನಲೈಸ್ ಆಗಿದೆಯಾ (ಇನ್ನು ಹಿಂದೆ ಸರಿಯದಂತೆ ಖಾತ್ರಿಯಾಗಿದೆಯಾ) ಅಂತ ನೋಡಬೇಕು, ಈಥೀರಿಯಂನಲ್ಲಿ ಅದಕ್ಕೆ ಸಾಮಾನ್ಯವಾಗಿ 13 ನಿಮಿಷದ ಹತ್ತಿರ ಹಿಡಿಯುತ್ತದೆ. ಬಾಕಿ, ಫೇಲ್, ಬ್ಲಾಕ್‌ಗೆ ಸೇರಿದೆ, ಫೈನಲ್ ಅಂತ ನಾಲ್ಕು ಸ್ಥಿತಿ ಇಟ್ಟು, ಯಾವುದಕ್ಕೆ ಬಳಕೆದಾರರಿಗೆ ಏನು ಹೇಳಬೇಕು ಅಂತ ತಲಾ ಒಂದು ಸಾಲು ಬರೆದುಬಿಡಿ.