ಮಗಳಿಗೆ ಹೊಳೆಯ ಹೆಸರಿಡಬಹುದಾ?

ಪ್ರಶ್ನೆ: ವಕೀಲರ ಮೇಡಂ, ನಮಸ್ತೆ. ನಮ್ಮದು ಶ್ರೀರಂಗಪಟ್ಟಣದ ಹತ್ತಿರ ಒಂದು ಹಳ್ಳಿ. ಮಗಳು ಹುಟ್ಟಿ ಎರಡು ತಿಂಗಳಾಯ್ತು. ಕರಿಘಟ್ಟದ ಪಕ್ಕ ಹರಿಯುವ ಲೋಕಪಾವನಿ ಹೊಳೆಯ ಹೆಸರನ್ನೇ ಇಡಬೇಕು ಅಂತ ನನಗೂ ನಮ್ಮನೆಯವರಿಗೂ ಆಸೆ. ಅತ್ತೆ ಒಪ್ಪುತ್ತಿಲ್ಲ. "ಊರಲ್ಲಿ ಯಾರಿಗೂ ಇಲ್ಲದ ಹೆಸರು, ನಕ್ಷತ್ರಕ್ಕೂ ಕೂಡಲ್ಲ" ಅಂತಾರೆ. ಆರಿದ್ರಾ ನಕ್ಷತ್ರ, ಮೂರನೇ ಪಾದ. ಜನನ ಪ್ರಮಾಣಪತ್ರದಲ್ಲಿ ಇನ್ನೂ ಹೆಸರು ಬರೆಸಿಲ್ಲ. ಮುಂದೆ ಸ್ಕೂಲು, ಆಧಾರ್ ಅಂತ ತೊಂದರೆ ಆಗುತ್ತಾ?

ಉತ್ತರ: ಕಂಗ್ರಾಜುಲೇಷನ್ಸ್ ಅಮ್ಮ. ಹೆಸರು ತುಂಬಾ ಚೆನ್ನಾಗಿದೆ, ಧೈರ್ಯವಾಗಿ ಇಡಿ. ಅಪರೂಪದ ಹೆಸರು ಅಂತ ಯಾವ ಕಚೇರಿಯೂ ಬೇಡ ಅನ್ನಲ್ಲ. ನನ್ನ ಹತ್ತಿರ ಬರುವ ತಕರಾರೆಲ್ಲ ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಬರೆಸಿಕೊಂಡಿದ್ದರಿಂದ ಬಂದದ್ದು.

ಅವಸರ ಬೇಡ. ಜನನ ನೋಂದಣಿ ಆದ ಮೇಲೆ 12 ತಿಂಗಳವರೆಗೆ ಮಗುವಿನ ಹೆಸರನ್ನು ಶುಲ್ಕ ಇಲ್ಲದೆ ಸೇರಿಸಬಹುದು. ಆಮೇಲೂ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು, ಆದರೆ ಅಷ್ಟು ದೂರ ಎಳೀಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಸ್ಕೂಲು, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಎಲ್ಲದಕ್ಕೂ ಹುಟ್ಟಿದ ದಿನ, ಸ್ಥಳದ ಪುರಾವೆ ಅಂದ್ರೆ ಜನನ ಪ್ರಮಾಣಪತ್ರವೇ. ಒಂದು ಸಲ ಅದರಲ್ಲಿ ಹೆಸರು ಬಂದ ಮೇಲೆ ಅಕ್ಷರ ತಪ್ಪಿದ್ದರೆ ತಿದ್ದಿಸಬಹುದು. ಮನಸ್ಸು ಬದಲಾಯ್ತು ಅಂತ ಹೆಸರನ್ನೇ ಬದಲಿಸೋಕೆ ಹೋದರೆ ತುಂಬಾ ಓಡಾಟ.

ನಿಮ್ಮತ್ತೆಯವರ ಮಾತಿಗೂ ಬೆಲೆ ಕೊಡಿ. ಆರಿದ್ರಾ ಮೂರನೇ ಪಾದದ ಅಕ್ಷರ "ಙ". ಅದರಲ್ಲಿ ಹೆಸರು ಹುಡುಕೋದು ಯಾರಿಗಾದರೂ ಕಷ್ಟವೇ. ಅದೇ ನಕ್ಷತ್ರದ "ಕು" ಅಕ್ಷರದಲ್ಲಿ ಒಂದು ಹೆಸರನ್ನು ಅತ್ತೆಯವರೇ ಆರಿಸಲಿ. ನಾಮಕರಣದ ದಿನ ಅದನ್ನೂ ಅಕ್ಕಿಯ ಮೇಲೆ ಬರೆಸಿ, ಮಗುವಿನ ಕಿವಿಯಲ್ಲಿ ಅವರೇ ಹೇಳಲಿ. ವ್ಯವಹಾರದ ಹೆಸರು ಲೋಕಪಾವನಿ ಇರಲಿ. ಎಷ್ಟೋ ಮನೆಗಳಲ್ಲಿ ಹೀಗೇ ಮಾಡ್ತಾರೆ.

ಊರಲ್ಲಿಲ್ಲದ ಹೆಸರು ಅನ್ನೋದು ಹೊಸದೇನಲ್ಲ. ಕುವೆಂಪು ಮೈಸೂರಿನಲ್ಲೇ ಇದ್ದವರು. ಒಬ್ಬ ಮಗನಿಗೆ ಪೂರ್ಣಚಂದ್ರ ತೇಜಸ್ವಿ, ಇನ್ನೊಬ್ಬನಿಗೆ ಕೋಕಿಲೋದಯ ಚೈತ್ರ ಅಂತ ಇಟ್ಟರು. ಹಳ್ಳಿಗಳಲ್ಲೂ, ಹುಟ್ಟಿದ ಮಕ್ಕಳು ಉಳಿಯದ ಮನೆಯವರು ಮುಂದಿನ ಕೂಸನ್ನು ತಿಪ್ಪೆ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಮ್ಮ, ತಿಪ್ಪಯ್ಯ ಅಂತ ಕರೀತಿದ್ದರು. ಮಗು ಬದುಕಲಿ ಅನ್ನೋ ಆಸೆಗೆ ಇಟ್ಟ ಹೆಸರು ಅವು. ನಿಮ್ಮದೂ ಆಸೆಯಿಂದ ಇಡುತ್ತಿರುವ ಹೆಸರೇ ಅಲ್ವಾ?

ಬರೆಸುವ ಮೊದಲು ಒಂದು ಕೆಲಸ ಮಾಡಿ. ಹಿತ್ತಿಲಲ್ಲಿ ನಿಂತು ಜೋರಾಗಿ ಕೂಗಿ, ಮನೆಯ ಹಿರಿಯರಿಂದಲೂ ಕೂಗಿಸಿ. ನಮ್ಮ ಮಂಡ್ಯದ ಕಡೆ ಎಷ್ಟೋ ಜನರ ಬಾಯಲ್ಲಿ ಹಕಾರ ನಿಲ್ಲಲ್ಲ. ಹರ್ಷ "ಅರ್ಸ" ಆಗ್ತಾನೆ, ಹೇಮಾವತಿ "ಏಮಾವತಿ" ಆಗ್ತಾಳೆ. ಲೋಕಪಾವನಿಯಲ್ಲಿ ಹಕಾರವೂ ಇಲ್ಲ, ಮಹಾಪ್ರಾಣವೂ ಇಲ್ಲ. ಅಜ್ಜಿಗೂ ಸಲೀಸು. ಜಾಸ್ತಿ ಅಂದ್ರೆ ಪಾವನಿ ಅಂತ ಚಿಕ್ಕದು ಮಾಡ್ತಾರೆ, ಅದೂ ಚೆಂದವೇ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. "ಕು" ವಿಷಯ ಹೇಳಿದ ತಕ್ಷಣ ಅತ್ತೆ ಕುಸುಮ ಅಂದುಬಿಟ್ಟರು, ಅವರ ಅಕ್ಕನ ಹೆಸರಂತೆ. ಇನ್ನೊಂದು ಕೇಳ್ತೀನಿ. ಇನಿಷಿಯಲ್ ಹೆಂಗೆ ಹಾಕಿಸೋದು? ಇಂಗ್ಲಿಷಿನಲ್ಲಿ "ಪಾ"ಗೆ ಎರಡು ಎ ಬೇಕಾ?

ಉತ್ತರ: ಕುಸುಮ ಒಳ್ಳೇ ಹೆಸರು. ಇನಿಷಿಯಲ್ ಒಂಟಿ ಅಕ್ಷರ ಬೇಡ. ಪಾಸ್‌ಪೋರ್ಟಿಗೆ ಅದನ್ನು ಬಿಡಿಸಿ ಪೂರ್ತಿ ಬರೆಯಲೇಬೇಕು. ಈಗಲೇ ತಂದೆಯ ಪೂರ್ತಿ ಹೆಸರು ಸೇರಿಸಿದರೆ ಆಮೇಲೆ ಅಲೆಯೋದು ತಪ್ಪುತ್ತೆ. ಎ ಒಂದೇ ಸಾಕು, ಮಗು ಬರೆಯೋದು ಕಲಿಯುವಾಗ ಅದೇ ಸುಲಭ. ಅದೃಷ್ಟಕ್ಕೆ ಅಂತ ಯಾರಾದರೂ ಎಚ್ ಒಂದು ಸೇರಿಸಿ ಅಂದರೆ ಕೇಳಬೇಡಿ. ಕನ್ನಡ, ಇಂಗ್ಲಿಷ್ ಎರಡರಲ್ಲೂ ದಪ್ಪ ಅಕ್ಷರದಲ್ಲಿ ಚೀಟಿ ಬರೆದುಕೊಂಡು ಹೋಗಿ. ಟೈಪ್ ಮಾಡಿದ್ದನ್ನು ಪ್ರಿಂಟ್ ತೆಗೆಯುವ ಮೊದಲು ತೋರಿಸೋಕೆ ಹೇಳಿ. ದೀರ್ಘ ಬಿಟ್ಟು "ಲೊಕಪವನಿ" ಅಂತ ಬಿದ್ದಿದ್ದರೆ ಅಲ್ಲೇ ಸರಿ ಮಾಡಿಸಿ.